ನಾಲ್ಕರ ಮೇಲಿನ ಸಹಿ

ಮಾರ್ಚ್ 3, ಬೆಳಿಗ್ಗೆ

…ಹಾಗಂತ ಒಂಬತ್ತು ಹೇಳಿದ ಮಾತನ್ನು ನಿನ್ನೆ ಬರೆಯಲಿಲ್ಲ. ಬರೆಯಲು ಧೈರ್ಯ ಸಾಲಲಿಲ್ಲ. ಅವಳ ಹೆಸರು ಕೇಳಿಲ್ಲ. ಕಂಟ್ರಾಕ್ಟರು ಅಂಗಿಯ ಬೆನ್ನಿಗೆ ಒಂಬತ್ತು ಎಂದು ಹೊಲಿಸಿದ್ದಾನೆ, ನಾವೂ ಹಾಗೇ ಕರೆಯುತ್ತೇವೆ. ದೂರದ ಊರಿನವಳು. ಎಂಟು ಹೆಂಗಸರಿಗೆ ಒಂದು ಕೋಣೆ. ಬಣ್ಣದ ತೊಟ್ಟಿಯ ಮುಂದೆ ನನ್ನಷ್ಟೇ ಹೊತ್ತು ನಿಲ್ಲುತ್ತಾಳೆ, ಸಂಬಳ ಮಾತ್ರ ನನ್ನದರ ಮೂರರಲ್ಲೊಂದು ಪಾಲು.

ಅಂದದ್ದು ಇಷ್ಟೇ: "ಮಾಸ್ಟ್ರೇ, ನೀವು ಬಟ್ಟೆ ನೋಡಲ್ಲ. ನನ್ನ ಮುಖ ನೋಡ್ತೀರಿ."

ಸಿಕ್ಕಿಬಿದ್ದೆ. ನಿಜವೇ. ಬಣ್ಣ ಹೊಂದಿತೋ ಎಂದು ನೋಡಿ ಸಹಿ ಹಾಕುವುದು ನನ್ನ ಕೆಲಸ. ಉತ್ತರದ ಕಿಟಕಿಗೆ ಮಾದರಿ ತುಂಡನ್ನೂ ಹೊಸ ಬಟ್ಟೆಯನ್ನೂ ಹಿಡಿಯುತ್ತೇನೆ, ಹುಬ್ಬು ಗಂಟಿಕ್ಕುತ್ತೇನೆ — ಎಲ್ಲಾ ಆಕ್ಟಿಂಗ್. ಅವಳ ಗದ್ದ ಕೆಳಗಾದರೆ ಓಕೆ. ಮೂಗು ತುರಿಸಿಕೊಂಡರೆ ರಿಜೆಕ್ಟ್. ಬಣ್ಣಗಳೆಲ್ಲ ತೊಳೆದ ಬಟ್ಟೆಯ ಹಾಗೆ ಕಾಣಲು ಶುರುವಾಗಿ ವರ್ಷವಾಯಿತು. ಗುಟ್ಟಾಗಿ ಪಕ್ಕದ ಊರಿನ ಡಾಕ್ಟರಿಗೆ ತೋರಿಸಿದ್ದೆ. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಕಣ್ಣಿನ ಹಿಂದಿನ ನರ, ಅಂದರು.

ನನ್ನ ಮನೆಯವಳು ಬದುಕಿದ್ದಾಗ ನಗುತ್ತಿದ್ದಳು — ಕಾರ್ಖಾನೆಯ ಬಟ್ಟೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯೋರು, ಕಾಲಿಗೆ ಒಂದು ಕರಿ ಕಾಲುಚೀಲ ಒಂದು ನೀಲಿ. ಆಗ ಅದು ತಮಾಷೆ.

ಕಾಯಂ ಕೆಲಸಗಾರರು ಇನ್ನೂರಿದ್ದೆವು. ಈಗ ಹನ್ನೊಂದು. ಹೋದ ವರ್ಷ ಮೂವರಿಗೆ "ಮೆಡಿಕಲೀ ಅನ್‌ಫಿಟ್". ತಿಂಗಳೊಳಗೆ ಕ್ವಾರ್ಟರ್ಸ್ ಬೀಗದ ಕೈ ಕೊಟ್ಟು ನಡೆದರು.

ಮಾರ್ಚ್ 7

ತಪ್ಪು ಮಾಡಿದೆ. ಸಂಜೆ ಐದೂವರೆಗೆ ಮ್ಯಾನೇಜರ್ ಓಡಿ ಬಂದರು, ಗೇಟಿನಲ್ಲಿ ಲಾರಿ ನಿಂತಿದೆ ಅಂತ. ಬೂದು ಬಣ್ಣದ ಬಟ್ಟೆಯ ಲಾಟು. ಒಂಬತ್ತನ್ನು ಬಟ್ಟೆ ಒಣಗಿಸುವ ಕಡೆ ಕಳಿಸಿದ್ದರು. ಕಿಟಕಿಯಲ್ಲಿ ಬಣ್ಣ ನೋಡುವಷ್ಟು ಬೆಳಕಿಲ್ಲ. ಕೆಲಸ ಕಲಿಸಿದ ಫೋರ್‌ಮನ್ ಹೇಳಿದ್ದ, ಸಂಜೆ ನಾಲ್ಕರ ಮೇಲೆ ಹೆತ್ತಪ್ಪ ಬಂದರೂ ಸಹಿ ಹಾಕಬೇಡ. ಬೆಳಿಗ್ಗೆ ನೋಡೋಣ ಎಂದಿದ್ದರೆ ಮುಗಿಯುತ್ತಿತ್ತು. ಅದನ್ನೇ ಅನ್ನಲು ಹೆದರಿದೆ. ಯಾಕೆ, ಕಣ್ಣಿಗೇನಾಗಿದೆ ಎಂದು ಕೇಳಿಬಿಟ್ಟರೆ?

ಹಾಕಿದೆ.

ಮಾರ್ಚ್ 19

ಲಾಟು ಪೂರ್ತಿ ವಾಪಸ್. ಬೂದು ಅಲ್ಲವಂತೆ, ಪಾಚಿ ಹಸಿರು. ಮ್ಯಾನೇಜರ್ ಎಲ್ಲರೆದುರೇ ನನ್ನ ಭುಜದ ಮೇಲೆ ಕೈಯಿಟ್ಟರು. "ಮೂವತ್ತೊಂದು ವರ್ಷದ ಕಣ್ಣು ಮಾಸ್ಟ್ರೇ, ಅದು ತಪ್ಪೋ ಕಣ್ಣಲ್ಲ. ನೀವು ನೋಡಿದ ತುಂಡು ಸರಿ ಇತ್ತು. ಉಳಿದದ್ದನ್ನ ಈ ಒಂಬತ್ತು ಕೆಡಿಸಿದ್ದಾಳೆ." ಹಾಗೆಂದು ಸೋಮವಾರ ಬೆಳಿಗ್ಗೆ ನಾನು ಬರೆದು ಕೊಡಬೇಕು. ಕೊಟ್ಟರೆ ಅವಳು ಅವತ್ತೇ ಬಸ್ಸು ಹತ್ತಬೇಕು.

ಅವಳು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ನನ್ನ ಗದ್ದ ಕೆಳಗಾಯಿತೋ ಇಲ್ಲವೋ, ಗೊತ್ತಿಲ್ಲ. ಆಗಿರಬೇಕು.

ಮಾರ್ಚ್ 20

ಮಗಳಿಗೆ ಎಲ್ಲಾ ಹೇಳಿಬಿಟ್ಟೆ. ಕಣ್ಣಿನದ್ದೂ. ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು. ಆರು ವರ್ಷ ನಮ್ಮ ಕಾರ್ಖಾನೆಯ ಪ್ಯಾಕಿಂಗಿನಲ್ಲಿದ್ದಳು. ಕಂಟ್ರಾಕ್ಟಿನವರು ಬಂದ ವಾರವೇ ಇವಳನ್ನು ಬಿಡಿಸಿದರು. ಇವಳಿಂದ ಕರುಣೆ ಹೇಗೆ ಕೇಳಲಿ?

"ಅವಳು ಹೋದ್ರೆ ಇನ್ನೊಂದು ಬಸ್ಸಲ್ಲಿ ಇನ್ನೊಬ್ಬಳು ಬರ್ತಾಳಪ್ಪ. ನಾವು ಈ ಮನೆ ಬಿಟ್ರೆ ನಮ್ಮನ್ನ ಯಾವ ಬಸ್ಸು ಹತ್ತಿಸ್ಕೊಳ್ಳುತ್ತೆ?"

ನೀರು ಕುಡಿದೆ, ಅರ್ಧ ಅಂಗಿಯ ಮೇಲೆ.

ಮಾರ್ಚ್ 21, ಭಾನುವಾರ, ಸಂಜೆ

ಮಧ್ಯಾಹ್ನ ಒಂಬತ್ತು ಬಂದಿದ್ದಳು. ಹೊಸ್ತಿಲ ಆಚೆಯೇ ನಿಂತಳು. ಮಗಳು ನೀರು ಕೊಟ್ಟಳು, ಕುಡಿದಳು. ಕೆಲಸ ಉಳಿಸಿ ಅನ್ನಲಿಲ್ಲ. ಬೈಯಲಿಲ್ಲ. ಲೋಟ ಹಿಂದೆ ಕೊಟ್ಟು ಕೇಳಿದಳು:

"ನಾಳೆಯಿಂದ ನಿಮಗೆ ಗದ್ದ ಆಡ್ಸೋರು ಯಾರು ಮಾಸ್ಟ್ರೇ?"

ಹೆದರಿಸಲು ಬಂದಳೋ, ಮರುಗಲು ಬಂದಳೋ. ಯಾರಿಗೂ ಹೇಳಿಲ್ಲ ಅವಳು. ಹೇಳಿದ್ದರೆ ಉಳಿಯುತ್ತಿದ್ದಳು.

ಅವಳು ಹೋದ ಮೇಲೆ ಮಗಳು ಬಹಳ ಹೊತ್ತು ಲೋಟ ತೊಳೆದಳು. ಆಮೇಲೆ ಮೇಜನ್ನು ಕಿಟಕಿಯ ಹತ್ತಿರ ಎಳೆದು, ಮೇಲೊಂದು ಬಿಳಿ ಹಾಳೆಯಿಟ್ಟು ಒಳಗೆ ಹೋದಳು.

ಕಾಲೇಜಿನಲ್ಲಿ ಅರ್ಜಿ ಬರೆಯಲು ಕಲಿಸಿದ್ದರು. "ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್…" ದಟ್ ಆದ ಮೇಲೆ ಏನು? ರಜೆ ಕೇಳುವುದು ಗೊತ್ತು, ಇದಕ್ಕೆ ಇಂಗ್ಲಿಷ್ ನೆನಪಿಲ್ಲ. ಕನ್ನಡದಲ್ಲೇ ಬರೆದೆ. ಬಟ್ಟೆ ಅವಳು ಕೆಡಿಸಿಲ್ಲ. ನಾನು ಕಾಣದೆ ಸಹಿ ಹಾಕಿದೆ. ವರ್ಷದಿಂದ ಈ ಕೆಲಸ ಮಾಡುತ್ತಿರುವ ಕಣ್ಣು ಅವಳದ್ದು.

ಮೂರು ಸಾಲು. ಅವಳ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ಬೆಳಿಗ್ಗೆ ಗೇಟಿನಲ್ಲಿ ಕೇಳಬೇಕು. ಇನ್ನು ಸಹಿಯೊಂದು ಬಾಕಿ. ತಲೆಯೆತ್ತಿದರೆ ಕಿಟಕಿಯಲ್ಲಿ ಬೆಳಕು ಇಳಿಯುತ್ತಿದೆ. ನಾಲ್ಕು ದಾಟಿ ಎಷ್ಟೋ ಹೊತ್ತಾಗಿದೆ. ಫೋರ್‌ಮನ್ ಇದ್ದಿದ್ದರೆ ಪೆನ್ನು ಕಿತ್ತುಕೊಳ್ಳುತ್ತಿದ್ದ. ಇದೊಂದಕ್ಕೆ ಬಣ್ಣ ನೋಡಬೇಕಾಗಿಲ್ಲ, ಸಾಲಿನ ತುದಿ ಕಂಡರೆ ಸಾಕು, ಇನ್ನೂ ಮಸುಕಾಗಿ ಕಾಣ್ತಿದೆ —