ನಿಂತಿದೆ, ಆದರೆ ನಿಂತಿಲ್ಲ

ಮಾರ್ಚ್ 3, ಮಧ್ಯಾಹ್ನ

ಭುಜದವರೆಗಿನ ಗ್ಲೌಸು ಈಗಷ್ಟೇ ಬಿಚ್ಚಿದೆ. ಕೈ ತೊಳೆಯುವ ಮೊದಲೇ ಬರೆಯುತ್ತಿದ್ದೇನೆ, ಅಷ್ಟು ಖುಷಿ. ಮಹಾರಾಣಿಗೆ ಗರ್ಭ ನಿಂತಿದೆ.

ಲಾಯದಲ್ಲೇ ಹಿರಿಯ ಹೆಣ್ಣು ಕುದುರೆ. ಮೂರು ವರ್ಷದಿಂದ ಖಾಲಿ. "ಈ ಸಲನೂ ಇಲ್ಲ ಅಂದ್ರೆ ಕೊಟ್ಟುಬಿಡೋದೇ" ಎಂದಿದ್ದರು ಲಾಯದ ಯಜಮಾನರು. ಕೊಳ್ಳುವವನ ಲಾರಿ ನಾಳೆ ಸಂಜೆ ಬರುತ್ತದೆ.

ಮೊದಲು ಗಂಡು ಕುದುರೆಯನ್ನು ಎದುರಿಗೆ ತಂದು ನೋಡಿದೆವು. ಕಿವಿ ಮಡಚಿ ಒದೆಯಲು ಹೋದಳು. ಬಸಿರಾದ ಲಕ್ಷಣ ಎಂದೆ.

"ನನಗೂ ಹಾಗೇ ಮಾಡ್ತಾಳಲ್ಲ ಮೇಡಂ" ಎಂದ ಅವಳನ್ನು ನೋಡಿಕೊಳ್ಳುವ ಲಾಯದಣ್ಣ.

ಗಂಡು ಬಿಟ್ಟು ಎರಡೇ ವಾರ, ರಕ್ತಪರೀಕ್ಷೆಗೆ ಇನ್ನೂ ಕಾಲ ಬಂದಿಲ್ಲ. ಉಳಿದದ್ದು ಕೈಯಲ್ಲೇ ಹಿಡಿದು ಒಳಗೆ ಹಾಕುವ ಸ್ಕ್ಯಾನ್. ಒಳಗೆ ಕೈ ಹಾಕಿ ಒಂದು ಗಳಿಗೆಯಾಗಿಲ್ಲ, ಪರದೆಯ ಮೇಲೆ ಕಪ್ಪು ವೃತ್ತ. ದುಂಡಗೆ, ಮುದ್ದಾಗಿ. "ನಿಂತಿದೆ ಸಾರ್" ಎಂದು ಕೂಗಿಯೇಬಿಟ್ಟೆ. ಯಜಮಾನರು ಹುಷಾರಿನ ಮನುಷ್ಯ. "ನಾಳೆ ಇನ್ನೊಂದ್ಸಲ ತೋರ್ಸಿ. ಆಮೇಲೆ ಲಾರಿ ಬೇಡ ಅಂತೀನಿ."

ತಡೆಯಲಾರದೆ ಮನೆಗೆ ಫೋನ್. "ಅತ್ತೆ, ನಿಂತಿದೆ." ಆ ಕಡೆಯಿಂದ ಹಿಗ್ಗಿದ ದನಿ: "ನಂಗೊತ್ತಿತ್ತು ಕಣೇ. ಭಾರ ಎತ್ತಬೇಡ." ಕುದುರೆಗೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು.

ಮಾರ್ಚ್ 4, ಬೆಳಿಗ್ಗೆ

ವೃತ್ತ ಅಲ್ಲೇ ಇದೆ. ಹೆಮ್ಮೆಯಿಂದ ಸೀನಿಯರ್ ಡಾಕ್ಟರಿಗೆ ಫೋನ್ ಮಾಡಿದೆ.

"ಎಲ್ಲಿದೆ?"

"ನಿನ್ನೆ ಇದ್ದಲ್ಲೇ ನಿಂತಿದೆ ಸಾರ್."

"ಬೆಳೆದಿದ್ಯಾ?"

"...ಇಲ್ಲ."

"ಹಾಗಾದ್ರೆ ನಿಂತಿಲ್ಲಮ್ಮ. ಇಷ್ಟು ಎಳೇ ಪಿಂಡ ಒಂದ್ಕಡೆ ಇರಲ್ಲ, ಗರ್ಭಕೋಶದ ತುಂಬ ಅಡ್ಡಾಡುತ್ತೆ. ನೀನು ನೋಡಿದ್ದು ನೀರುಗುಳ್ಳೆ. ವಯಸ್ಸಾದ ಕುದುರೆಗಳಲ್ಲಿ ಮಾಮೂಲು."

ನಿಂತಿದೆ ಎನ್ನಬೇಕಾದರೆ ಮೊದಲು ಓಡಾಡಬೇಕು. ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಮಾರ್ಕೂ ತಗೊಂಡಿದ್ದೆ. ಖುಷಿಯಲ್ಲಿ ಎಲ್ಲ ಮರೆತು ಊರಿಗೆಲ್ಲ ಡಂಗುರ ಸಾರಿದೆ. ಥೂ ನನ್ನ ಬಾಯಿಗಿಷ್ಟು. ಲಾಯದಣ್ಣ ಮಹಾರಾಣಿಯ ಮೈ ಉಜ್ಜುತ್ತಿದ್ದಾನೆ, ಹಾಡು ಗುನುಗುತ್ತ. ಅವನಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ?

ತಾಳು. ಮೊದಲ ವೃತ್ತ ಕಂಡಿದ್ದೇ ನಿನ್ನೆ ಕೈ ಹೊರಗೆ ತೆಗೆದೆ. ಇವತ್ತೂ ಅಷ್ಟೇ. ಉಳಿದ ಭಾಗ ನೋಡಿಯೇ ಇಲ್ಲ.

ಅದೇ ದಿನ, ಊಟದ ಹೊತ್ತು (ಊಟ ಯಾರಿಗೆ ಬೇಕು)

ಗರ್ಭಕೋಶದ ಎಡಗಡೆ ತುದಿಯಲ್ಲಿ ಇನ್ನೊಂದು ವೃತ್ತ! ಬಾಯಿ ಬಿಡಲಿಲ್ಲ. ತುಟಿ ಕಚ್ಚಿಕೊಂಡು ನಿಂತೆ. "ಏನಾಯ್ತು ಮೇಡಂ?" ಎಂದ ಲಾಯದಣ್ಣ. "ಏನಿಲ್ಲ, ಅವಳಿಗೆ ಸ್ವಲ್ಪ ನೀರು ಕುಡ್ಸು" ಎಂದೆ.

ಅರ್ಧ ಗಂಟೆ ಬಿಟ್ಟು ಮತ್ತೆ ಕೈ ಹಾಕಿದೆ. ಎಡತುದಿ ಖಾಲಿ. ಮೆಲ್ಲಗೆ ಸರಿಸುತ್ತ ಬಂದೆ... ನಟ್ಟನಡುವೆ ಕೂತಿದೆ, ಕಳ್ಳ. ಓಡಾಡುತ್ತಿದೆ. ಜಾಗ ಹುಡುಕುತ್ತಿದೆ. ಮಹಾರಾಣಿ ಬಾಲದಿಂದ ಮುಖಕ್ಕೆ ಬಾರಿಸಿದಳು. ಬಾರಿಸಲಿ.

ಸಂಜೆ ಸೇರಿಸಿದ್ದು: ಯಜಮಾನರಿಗೂ ತೋರಿಸಿದೆ. ಲಾರಿ ಬಂತು. ಖಾಲಿ ಹೋಯಿತು. ಲಾಯದಣ್ಣ ಗೇಟಿನವರೆಗೆ ಹೋಗಿ ತಾನೇ ಚಿಲಕ ಹಾಕಿ ಬಂದ.

ಮಾರ್ಚ್ 15

ಇಷ್ಟು ದಿನ ಬರೆಯಲಿಲ್ಲ. ಬರೆದರೆ ದೃಷ್ಟಿಯಾಗುತ್ತದೇನೋ ಎನ್ನುವ ಭಯ. ಡಾಕ್ಟರಂತೆ ನಾನು.

ಓಡಾಡುತ್ತಿದ್ದ ವೃತ್ತ ಈಗ ಒಂದೆಡೆ ನೆಲೆಯಾಗಿದೆ. ಬೆಳೆದಿದೆ. ಒಳಗೆ ಅಕ್ಕಿಕಾಳಿನಷ್ಟು ಬಿಳುಪು, ಅದರ ನಡುವೆ ಮಿಣಮಿಣ. ಹೃದಯ. ಯಜಮಾನರು ಕನ್ನಡಕ ಒರೆಸಿಕೊಂಡು ಬಗ್ಗಿದರು. ಲಾಯದಣ್ಣ ಅವರ ಹೆಗಲ ಮೇಲಿಂದ ಇಣುಕಿದ.

"ಇದು ನಿಲ್ಲಬಾರದು, ಅಲ್ವಾ?" ಎಂದ ಅವನು, ಬಹಳ ಮೆಲ್ಲಗೆ.

"ಹೌದಣ್ಣ. ಇದು ಮಾತ್ರ ನಿಲ್ಲಬಾರದು."

ಅತ್ತೆಗೆ ಫೋನ್ ಮಾಡಿದೆ. "ಅತ್ತೆ, ನಿಂತಿದೆ." "ಮೊನ್ನೆನೂ ನಿಂತಿತ್ತಲ್ಲೇ?" "ಅದು ಬೇರೆ, ಇದು ಓಡಾಡಿ ನಿಂತದ್ದು." ನಕ್ಕುಬಿಟ್ಟರು. ನಾನೂ. ಕಣ್ಣಲ್ಲಿ ಯಾಕೋ ನೀರು.

ಲಾಯದ ಕಿಟಕಿಯಿಂದ ಮಹಾರಾಣಿ ಕಾಣುತ್ತಿದ್ದಾಳೆ. ಹುಲ್ಲು ಜಗಿಯುತ್ತಿದ್ದಾಳೆ, ಏನೂ ಆಗದವಳ ಹಾಗೆ. ನಾನಿದನ್ನು ಬರೆಯುತ್ತಿರುವಾಗಲೂ ಅವಳೊಳಗೆ ಅದು ಬಡಿಯುತ್ತಲೇ ಇದೆ, ಬಡಿಯುತ್ತಲೇ —