ಅಪ್ಪನ ಗಂಟಲಿಗೆ ಹೊರಿಸಿದ ಸಾವು

ಮಹಡಿ ಮನೆ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಬಂದರಿನ ವರ್ಕ್‌ಶಾಪಿನಲ್ಲಿ ಈಗಲೂ ದೋಣಿ ಎಂಜಿನ್ ಅಡಿಗೆ ನೀನೇ ತೂರುತ್ತೀಯಾ, ಇಲ್ಲ ಹುಡುಗರಿಗೆ ಬಿಟ್ಟಿದ್ದೀಯಾ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ಅಮ್ಮನ ಮಾತೆತ್ತಿದ ಕೂಡಲೇ ‘ಸರಿ, ಇಡ್ತೀನಿ’ ಅಂತ ಇಟ್ಟುಬಿಡುತ್ತೀಯ. ಈ ಕಾಗದವನ್ನಾದರೂ ಪೂರ್ತಿ ಓದು.

ಮೊದಲು ನನ್ನ ಸುದ್ದಿ. ಗಾಬರಿಯಾಗಬೇಡ, ಈಗ ಎದ್ದು ಓಡಾಡುತ್ತಿದ್ದೇನೆ. ಹೋದ ತಿಂಗಳು ಬಸ್ಸು ಓಡಿಸುತ್ತಿದ್ದಾಗ ಎದೆಯೊಳಗೆ ಏನೋ ಹರಿದಂತಾಯಿತು. ನೋವು ದವಡೆಗೂ ಎಡಗೈಗೂ ಹಬ್ಬಿತು. ಹೇಗೋ ಬಸ್ಸನ್ನು ಬದಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದೆ. ಹಿಂದಿನ ಸೀಟಿನಿಂದ ಒಬ್ಬ ‘ಏನಮ್ಮಾ, ಇಲ್ಲೇ ಸಂಸಾರ ಹೂಡ್ತೀಯಾ?’ ಎಂದು ಕೂಗಿದ. ಡಿಪೋ ಡಾಕ್ಟರು ಅವನಿಗಿಂತ ಒಂದು ಕೈ ಮೇಲು. ನಾಡಿ ಹಿಡಿದ ಶಾಸ್ತ್ರ ಮಾಡಿ, ‘ಹೆಂಗಸ್ರು ಸಣ್ಣದಕ್ಕೆಲ್ಲ ಟೆನ್ಷನ್ ಮಾಡ್ಕೋತೀರಿ, ಗ್ಯಾಸ್ ಇರ್ಬೇಕು’ ಎಂದು ಮಾತ್ರೆ ಕೊಟ್ಟು ಕಳಿಸಿದರು. ಸಂಜೆ ಮನೆಯ ಮೆಟ್ಟಿಲ ಮೇಲೆ ಕುಸಿದುಬಿದ್ದೆ. ಹಸುಗೂಸಾಗಿದ್ದಾಗ ನೀನು ಬಿಟ್ಟುಹೋದ ತಮ್ಮನೇ ನನ್ನನ್ನು ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಓಡಿದ.

ಅಲ್ಲಿ ಹೃದಯದ ಡಾಕ್ಟರಮ್ಮ ರಕ್ತನಾಳದ ಚಿತ್ರ ತೆಗೆದು ತೋರಿಸಿದರು. ಎಲ್ಲೂ ಕೊಬ್ಬು ಕಟ್ಟಿರಲಿಲ್ಲ. ನಾಳದ ಗೋಡೆಯೇ ಒಳಗಿಂದ ಹರಿದು, ಪದರಗಳ ನಡುವೆ ರಕ್ತ ನುಗ್ಗಿ ದಾರಿ ಮುಚ್ಚಿತ್ತು. ನೋಡಲು ಬಂದವರೆಲ್ಲರದೂ ಒಂದೇ ರಾಗ: ಕರಿದದ್ದು ತಿಂದೆಯಾ, ಯಾರ ಮೇಲಾದರೂ ರೇಗಿದೆಯಾ? ನನ್ನ ನಾಳಗಳು ತೊಳೆದಿಟ್ಟ ತಟ್ಟೆಯಂತಿವೆ ಎಂದರೆ ನಂಬುವವರೇ ಇಲ್ಲ. ರೋಗ ಬಂದರೆ ರೋಗಿಯದೇ ತಪ್ಪು, ಅವಳು ಹೆಂಗಸಾದರೆ ಅವಳ ನಾಲಿಗೆಯದೂ ತಪ್ಪು.

ಡಾಕ್ಟರಮ್ಮ ಹಾಗೆ ಕೇಳಲಿಲ್ಲ. ‘ಇದು ಹೆಂಗಸ್ರಲ್ಲೇ ಹೆಚ್ಚು, ಹೆರಿಗೆಯಾದ ಹೊಸದರಲ್ಲೂ ಆಗೋದುಂಟು. ನಿಮ್ಮ ಮನೇಲಿ ಯಾರಿಗಾದ್ರೂ ಹೀಗಾಗಿತ್ತಾ?’ ಎಂದರು. ನನಗೆ ಅಮ್ಮ ನೆನಪಾದಳು. ತಮ್ಮ ಹುಟ್ಟಿ ವಾರವಾಗಿತ್ತಷ್ಟೆ. ತೊಟ್ಟಿಲು ಕಿಟಕಿಯ ಹತ್ತಿರ ಇರಬೇಕೋ ಗೋಡೆಯ ಹತ್ತಿರವೋ ಎಂದು ನೀವಿಬ್ಬರೂ ಜಗಳವಾಡಿದಿರಿ. ಬೀದಿಯವರೆಲ್ಲ ನಿನ್ನನ್ನು ಗುಡುಗಪ್ಪ ಎನ್ನುತ್ತಿದ್ದದ್ದು ಸುಮ್ಮನೆಯೇ? ನೀನು ಗುಡುಗಿದೆ, ಅಮ್ಮ ಎದೆ ಹಿಡಿದು ಕುಳಿತಳು, ಸಂಜೆಗೆ ಹೋದಳು. ‘ನಿನ್ನ ಗಂಟಲಿಗೆ ನನ್ನ ಮಗಳು ಬಲಿಯಾದಳು’ ಎಂದಳು ಅಜ್ಜಿ. ಬಂದವರೆಲ್ಲ ತಲೆಯಾಡಿಸಿದರು. ನೀನೂ ಆಡಿಸಿದೆ, ನಮ್ಮಿಬ್ಬರನ್ನು ಅಜ್ಜಿಯ ಬಳಿ ಬಿಟ್ಟು ಹೊರಟುಹೋದೆ.

ಡಾಕ್ಟರಮ್ಮ ಹೇಳಿದ್ದನ್ನು ಕೇಳು. ಹುಟ್ಟಿನಿಂದಲೇ ಬರುವ ಸಣ್ಣಪುಟ್ಟ ವಂಶವಾಹಿ ವ್ಯತ್ಯಾಸಗಳು ಹಲವು ಒಟ್ಟುಗೂಡಿದರೆ ನಾಳದ ಗೋಡೆ ಹರಿಯುವ ಸಂಭವ ಹೆಚ್ಚಂತೆ. ಅವುಗಳಲ್ಲಿ ಕೆಲವು ಕೊಬ್ಬು ಕಟ್ಟಿ ಆಗುವ ಹೃದಯಾಘಾತದಿಂದ ನಮ್ಮನ್ನು ಕಾಯುವಂಥವೂ ಹೌದಂತೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವ ಬುದ್ಧಿ. ಸುಳ್ಳು ಹೇಳಲಾರೆ, ವಿಪರೀತ ಉದ್ವೇಗವೂ ಒಮ್ಮೊಮ್ಮೆ ನೆಪವಾಗುತ್ತದಂತೆ. ಅಮ್ಮನಿಗೂ ಇದೇ ಆಗಿತ್ತೆಂದು ಈಗ ಖಚಿತವಾಗಿ ಯಾರೂ ಹೇಳಲಾರರು. ಆದರೆ ತೊಟ್ಟಿಲಿನ ಜಗಳ ಯಾವ ಮನೆಯಲ್ಲಿಲ್ಲ? ಅದಕ್ಕೆಲ್ಲ ಹೆಂಡತಿಯರು ಸಾಯುವುದಾಗಿದ್ದರೆ ಊರಲ್ಲಿ ಗಂಡಸರಷ್ಟೇ ಉಳಿಯುತ್ತಿದ್ದರು.

ಅಜ್ಜಿಗೆ ಇದನ್ನೆಲ್ಲ ಹೇಳಿದೆ. ‘ಡಾಕ್ಟರಿಗೇನು ಗೊತ್ತು, ಅವನ ಗಂಟಲು ಕೇಳಿದ್ದಾಳಾ?’ ಎಂದು ಹರಿಹಾಯ್ದಳು. ಆಮೇಲೆ ಸೊಪ್ಪು ಬಿಡಿಸುತ್ತಾ ಕೂತವಳು, ‘ಹಾಗಾದ್ರೆ ಇಷ್ಟು ವರ್ಷ ನಾನು ಯಾರನ್ನ ಬೈದೆ?’ ಎಂದಳು. ಅವಳ ಮೇಲೆ ಸಿಟ್ಟು ಬಂದಿತ್ತು. ಆ ಮಾತು ಕೇಳಿ ಸಿಟ್ಟೆಲ್ಲ ನಿನ್ನ ಕಡೆ ತಿರುಗಿತು. ಅವಳು ಮಗಳನ್ನು ಕಳೆದುಕೊಂಡವಳು, ಬೈದಳು. ನೀನು ಯಾಕೆ ಒಪ್ಪಿಕೊಂಡೆ? ಬೀದಿಗೆಲ್ಲ ಕೇಳುವಂಥ ಗಂಟಲಿತ್ತು, ‘ನಾನಲ್ಲ’ ಅನ್ನಲು ಮಾತ್ರ ಬರಲಿಲ್ಲವೇ? ನಾವಿಬ್ಬರು ಅಮ್ಮನನ್ನು ಕಳೆದುಕೊಂಡದ್ದು ಸಾಲದೆಂದು ಅಪ್ಪನನ್ನೂ ಕಳೆದುಕೊಂಡೆವು. ಅದು ಯಾವ ವಂಶವಾಹಿಯ ತಪ್ಪು, ನೀನೇ ಹೇಳು.

ಡಿಪೋ ಡಾಕ್ಟರ ಮೇಲೆ ದೂರು ಕೊಟ್ಟಿದ್ದೇನೆ. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ತಮ್ಮ ನಿನ್ನನ್ನು ಕೇಳಿದನೆಂದು ಹೇಳಲು ಹೇಳಿದ್ದಾನೆ. ಅವನ ಗಂಟಲೂ ನಿನ್ನದೇ.

ಸಿಟ್ಟು ಇಳಿಯದ ನಿನ್ನ ಮಗಳು,
ಪುಟ್ಟಿ

ಮರೆತ ಮಾತು: ನಿನ್ನ ಮೊಮ್ಮಗಳಿಗೆ ಈಚೆಗೆ ತಲೆನೋವು, ಕಿವಿಯೊಳಗೆ ನಾಡಿ ಬಡಿದ ಹಾಗೆ ಬುಸ್ ಬುಸ್ ಸದ್ದು. ಇವೂ ನಾಳದ ತೊಂದರೆಯ ಗುರುತಿರಬಹುದು, ಅವಳ ನಾಳಗಳನ್ನೂ ನೋಡಿಬಿಡೋಣ ಎಂದಿದ್ದಾರೆ ಡಾಕ್ಟರಮ್ಮ. ಮನೆಯಲ್ಲಿ ಇಬ್ಬರಿಗೆ ಆಗುವುದು ಅಪರೂಪ, ಆದರೂ ನಮ್ಮಮ್ಮನಿಗೆ ಹೀಗೆಲ್ಲ ಇತ್ತೇ ಎಂದು ಕೇಳುತ್ತಿದ್ದಾರೆ. ರಾತ್ರಿ ಪಕ್ಕದಲ್ಲಿ ಮಲಗಿದವಳು ಏನು ಹೇಳುತ್ತಿದ್ದಳೆಂದು ನಿನಗಲ್ಲದೆ ಇನ್ಯಾರಿಗೆ ಗೊತ್ತು? ಬರೆದು ಕಳಿಸಬೇಡ, ಫೋನೂ ಬೇಡ, ಬಂದು ಹೇಳು. ಬಾಗಿಲು ತೆಗೆಯುವವಳು ಅಜ್ಜಿಯೇ, ಬೈದೇ ಬೈಯುತ್ತಾಳೆ. ಕೇಳಿಸಿಕೊಂಡು ಒಳಗೆ ಬಾ.