ಕುರ್ಚಿಗೂ ಚಳಿ ಆಗುತ್ತೆ

ರೀ,

ನಾನು ಆಸ್ಪತ್ರೆ ಡ್ಯೂಟಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ.

ನಿಮ್ಮ ತಮ್ಮ ಬಂದಿದ್ದ. ನೀವು ನಮ್ಮ ಕುರ್ಚಿಗಳಿಗೆ ಹೆಣೆದ ಉಣ್ಣೆ ಕಾಲುಚೀಲ ನೋಡಿ, "ಅತ್ತಿಗೆ, ಇದು ಒಳ್ಳೆ ವ್ಯಾಪಾರ! ಹೋಟೆಲಿನವರು ಅವರ ಕುರ್ಚಿಗಳಿಗೆಲ್ಲ ಕೇಳ್ತಿದ್ದಾರೆ, ಒಪ್ಕೊಂಡು ಬಂದಿದ್ದೀನಿ" ಅಂದ. ಮೈಯೆಲ್ಲ ಉರಿದುಹೋಯ್ತು.

"ನಿಮ್ಮಣ್ಣ ಸಲೂನಲ್ಲಿ ದಿನವೆಲ್ಲ ದುಡ್ಡಿಗೆ ಕತ್ತರಿ ಆಡಿಸೋದು ಸಾಲದಾ? ಸಂಜೆ ಹೆಣೆಯೋದು ಕುರ್ಚಿಗೆ ಚಳಿ ಆಗುತ್ತೆ ಅಂತ. ಆ ಹೋಟೆಲ್ ಕುರ್ಚಿಗಳ ಮುಖಪರಿಚಯವೂ ನಮಗಿಲ್ಲ" ಅಂದೆ. ಚಪ್ಪಲಿ ಮೆಟ್ಕೊಂಡು ಹೊರಟುಹೋದ.

ಮತ್ತೆ ಬಂದ್ರೆ ದಾಕ್ಷಿಣ್ಯಕ್ಕೆ ಬಿದ್ದು ಹೂಂ ಅಂದುಬಿಡಬೇಡಿ.

ಅಡುಗೆಮನೆ ಸ್ಟೂಲು ಇನ್ನೂ ಬರಿಗಾಲಲ್ಲಿ ನಿಂತಿದೆ. ಉಣ್ಣೆ ಸಾಲದಿದ್ರೆ ನನ್ನ ನೀಲಿ ಸ್ವೆಟರ್ ಬಿಚ್ಚಿ ಹೆಣೀರಿ. ನಾನು ಹೇಗೋ ತಡ್ಕೋತೀನಿ, ಪಾಪ ಅದು ಬಾಯಿಬಿಟ್ಟು ಹೇಳಲ್ಲ.